ಆಷಾಢದಲ್ಲಿ ಕೊಂಡ ಕ್ರೂಸರ್

ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಮುಂದೆ, ಹೊಂಗೆಮರದ ಬುಡದಲ್ಲಿ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷದಿಂದ ಪತ್ರ ಬರೆಯುತ್ತಿರುವ ನಟರಾಜು ಸುಲಭಕ್ಕೆ ಬೆಚ್ಚಿಬೀಳುವ ಆಸಾಮಿಯಲ್ಲ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು ಎಲ್ಲವನ್ನೂ ಕಂಡ ಕೈ ಅದು. ಅಣ್ಣತಮ್ಮಂದಿರಿಬ್ಬರು ಬಂದು ಒಂದು ಹಲಸಿನಮರವನ್ನು ಕೊಂಬೆ ಲೆಕ್ಕದಲ್ಲಿ ಪಾಲು ಮಾಡಿಕೊಡಿ ಅಂದಾಗಲೂ ಅವನು ಪೆನ್ನಿನ ಮುಚ್ಚಳ ತೆಗೆದು, 'ಮೂಡಲ ಕೊಂಬೆ ಯಾರಿಗೆ?' ಅಂತ ತಣ್ಣಗೆ ಕೇಳಿದವನು. ಅಂಥವನು ಆ ಭಾನುವಾರ ಅರಕಲಗೂಡಿನಲ್ಲಿ ಅತ್ತೆ ಮನೆಯ ಜಗುಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತವನು ಕೂತ ಹಾಗೇ ದಂಗಾಗಿಹೋದ.

ಅತ್ತೆ ಲಕ್ಷ್ಮಿದೇವಮ್ಮ ಬೈಕು ಹತ್ತಿದ್ದರು.

ಅರವತ್ತೆಂಟು ವರ್ಷ, ಎರಡೂ ಮಂಡಿಯಲ್ಲಿ ನೋವು, ಅರಕಲಗೂಡಿನ ಪೇಟೆಬೀದಿಯಲ್ಲಿ ಸ್ವಂತ ಹಿಟ್ಟಿನ ಗಿರಣಿ. ಹದಿನೆಂಟು ವರ್ಷದಿಂದ ನಟರಾಜು ತನ್ನ ಸ್ಕೂಟರನ್ನು ಎಷ್ಟು ಸಲ ತಂದು ಮುಂದೆ ನಿಲ್ಲಿಸಿದ್ದನೋ ಅಷ್ಟೂ ಸಲ 'ಅದ್ರ ಮ್ಯಾಲೆ ಕುಂತ್ರೆ ಎಮ್ಮೆಕರದ ಮ್ಯಾಲೆ ಕುಂತಂಗಾಯ್ತದೆ ಕಣಪ್ಪ' ಅಂತ ನಡೆದುಕೊಂಡೇ ಹೋದವರು. ಈಗ ಕಿರಿಯ ಅಳಿಯ ರವೀಂದ್ರ (ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿಯವನು, ನಟರಾಜುವಿನ ಷಡ್ಡಕ) ಹೊಸ ಕ್ರೂಸರ್ ಬೈಕಿನಲ್ಲಿ ಬಂದಿಳಿದು 'ಬನ್ನಿ ಅತ್ತೆ' ಅಂದದ್ದೇ ತಡ, ಜಗುಲಿಯಿಂದ ಸೀದಾ ಸೀಟಿಗೆ ದಾಟಿಕೊಂಡು, ಸೆರಗು ಸಿಕ್ಕಿಸಿ, ಕೋಟೆ ಕಡೆ ಒಂದು ಸುತ್ತು ಹೋಗಿಯೇಬಿಟ್ಟರು. (ಕ್ರೂಸರ್ ಅಂದರೆ ಮದುವೆಗೆ ಜನ ತುಂಬಿಕೊಂಡು ಹೋಗುವ ಜೀಪಲ್ಲ. ಕಾಲು ಮುಂದಕ್ಕೆ ಚಾಚಿ, ಹ್ಯಾಂಡಲು ಎದೆಮಟ್ಟಕ್ಕೆ ಹಿಡಿದು, ಈಸಿಚೇರಿನಲ್ಲಿ ಕೂತಂತೆ ಕೂತು ಓಡಿಸುವ ಮೋಟಾರ್‌ಸೈಕಲ್ಲು.)

ಮಧ್ಯಾಹ್ನ ಊಟಕ್ಕೆ ಕೂತಾಗ ಎರಡನೇ ಆಘಾತ. ಹದಿನೆಂಟು ವರ್ಷದಿಂದ ದೊಡ್ಡಳಿಯನ ಎಲೆಗೇ ಬೀಳುತ್ತಿದ್ದ ಕೋಳಿ ಕಾಲು ಅವನ ಕಣ್ಣೆದುರೇ ಹಾರಿ ರವೀಂದ್ರನ ಎಲೆಗೆ ಬಿತ್ತು. ನಟರಾಜುವಿಗೆ ಸಿಕ್ಕಿದ್ದು ಕತ್ತು. ಕಾಲು ಹೋದರೆ ಹೋಗಲಿ, ದೊಡ್ಡಳಿಯನ ಪಟ್ಟವೇ ಕೈಬಿಟ್ಟು ಹೋಗುತ್ತಿದೆಯಲ್ಲ ಅಂತ ಅವನು ಮುದ್ದೆಯನ್ನು ಬರೀ ಸಾರಿಗೆ ಅದ್ದಿ ನುಂಗಿದ.

ವಾಪಸು ಬಸ್ಸಿನಲ್ಲಿ ಹೆಂಡತಿ ರೂಪಶ್ರೀಯ ಕಿವಿಯಲ್ಲಿ ಮೆಲ್ಲಗೆ ಹೇಳಿದ, "ನಾವೂ ಒಂದು ಕ್ರೂಸರ್ ತಗಳಣ."

ರೂಪಶ್ರೀ ಮನೆಯಲ್ಲೇ ಬ್ಲೌಸು ಹೊಲಿಯುವವಳು. ಯಾವುದನ್ನೂ ಅಳೆಯದೆ ಕತ್ತರಿ ಹಾಕುವುದಿಲ್ಲ. ಕಂಡಕ್ಟರು ಆಗಷ್ಟೇ ಕೊಟ್ಟಿದ್ದ ಸೊನ್ನೆ ರೂಪಾಯಿಯ ಟಿಕೆಟನ್ನು ಗಂಡನ ಮೂಗಿನ ಮುಂದೆ ಹಿಡಿದಳು.

"ನಂಗೆ ಬಸ್ಸು ಫ್ರೀ ಕಣ್ರೀ. ನಿಮ್ಮ ಗಾಡಿ ಹಿಂದ್ಗಡೆ ಕುಂತ್ಕಂಡ್ರೆ ಪೆಟ್ರೋಲು, ಟೈರು, ಇನ್ಶೂರೆನ್ಸು. ಸುಮ್ಕೆ ಓಗಿ ಬರೋಳ್ನ ಕರ್ಕಂಡೋಗಿ ಯಾಕೆ ನಷ್ಟಕ್ಕೆ ತಳ್ತೀರಿ?"

"ಮರ್ಯಾದೆ ಅನ್ನೋದು ಒಂದೈತೆ ಕಣೆ."

"ಅದು ಲೀಟ್ರಿಗೆ ಎಷ್ಟು ಕೊಡ್ತದೆ?"

ಪತ್ರ ಬರೆಯುವವನು ಮಾತಿನಲ್ಲಿ ಸೋತರೆ ಕಾಗದಕ್ಕೆ ಹೋಗುತ್ತಾನೆ. ನಟರಾಜು ಒಂದು ತಿಂಗಳು ಕಚೇರಿಯ ಬಿಡುವಿನಲ್ಲಿ ಕೂತು, ಉದ್ದ ಹಾಳೆಯಲ್ಲಿ ಗೆರೆ ಎಳೆದು, ಕ್ರೂಸರ್ ಸಾಕುವ ವೆಚ್ಚದ ಮಹಾ ತಖ್ತೆಯೊಂದನ್ನು ರಚಿಸಿದ. ಮೂರು ಬೈಕು ಅಡ್ಡಕ್ಕೆ, ಹದಿನಾಲ್ಕು ಬಾಬತ್ತು ಉದ್ದಕ್ಕೆ. ಮೈಲೇಜು, ಸರ್ವಿಸು, ಚೈನು, ಹಿಂದಿನ ಟೈರು, ಮುಂದಿನ ಟೈರು, ಸೀಟಿನ ಎತ್ತರ, ತೂಕ. ಸ್ಕೂಟರ್ ಬಿಟ್ಟು ಬೇರೆ ಓಡಿಸಿ ಅವನಿಗೆ ಅಭ್ಯಾಸವಿಲ್ಲ. ಗೇರು ಅವನ ಲೈಸೆನ್ಸಿನಲ್ಲಿತ್ತು, ಕಾಲಿನಲ್ಲಿರಲಿಲ್ಲ. ಜೊತೆಗೆ ಆಳೂ ಐದಡಿ ಮೂರಂಗುಲ.

ತಖ್ತೆಯನ್ನು ಎರಡು ಸಲ ಅಳೆದು ನೋಡಿ ರೂಪಶ್ರೀ ಒಪ್ಪಿದ ಮೇಲೆ ಹಾಸನದ ಶೋರೂಮಿಗೆ ಗಂಡಹೆಂಡತಿ ಹೋದರು. ಡುಬುಡುಬು ಸದ್ದಿನ ದೊಡ್ಡ ಬೈಕಿನ ಮೇಲೆ ನಟರಾಜು ಠೀವಿಯಿಂದ ಕೂತು, ಸ್ಟ್ಯಾಂಡು ಮೇಲಕ್ಕೆತ್ತಿದ. ಅದು ಎಡಕ್ಕೆ ವಾಲಿತು. ಅವನೂ ಎಡಕ್ಕೆ ವಾಲಿದ. ನೂರ ತೊಂಬತ್ತು ಕೆಜಿ ಅಂತ ಸ್ವಂತ ಕೈಯಿಂದ ತಖ್ತೆಯಲ್ಲಿ ಬರೆದಿದ್ದನಲ್ಲ, ಅದರ ಅರ್ಥ ಆಗ ತೊಡೆಗೆ ತಿಳಿಯಿತು. ಮೂವರು ಬಂದು ಮೊದಲು ಬೈಕನ್ನು ಎತ್ತಿದರು, ಆಮೇಲೆ ಅವನನ್ನು.

"ಸಾರ್, ನಿಮ್ಗೆ ಅದು ಬೇಡ," ಅಂದ ಶೋರೂಮಿನ ಅರುಣ್‌ಕುಮಾರ್, ನಗುವನ್ನು ಟೈಯೊಳಗೆ ಇಳಿಸಿಕೊಂಡು. "ಹೊಸದಾಗಿ ಓಡ್ಸೋರಿಗೆ ಅಂತ್ಲೇ ಇದು ಬಂದಿರೋದು. ಸೀಟು ತಗ್ಗು, ಎರಡೂ ಪಾದ ನೆಲಕ್ಕೆ ಪೂರ್ತಿ ಊರ್ತದೆ. ಕ್ಲಚ್ಚು ಬೆಣ್ಣೆ. ತೂಕ ನಲವತ್ತು ಕೆಜಿ ಕಮ್ಮಿ. ಹಿಂದೆ ಕೂರೋರಿಗೆ ಅಗಲ ಸೀಟು, ಒರಗೋಕೆ ದಿಂಬು."

ಕೂತು ನೋಡಿದ. ಪಾದ ನೆಲಕ್ಕೆ ಊರಿತು, ಎದೆ ತಾನಾಗಿ ಮುಂದೆ ಬಂತು. ಬೆಲೆ ಕೇಳಿದ. ಒಂದು ಲಕ್ಷ ಇಪ್ಪತ್ತೆಂಟು ಸಾವಿರ. ಖುಷಿಯಾಗಿ ತಲೆ ಆಡಿಸುವಷ್ಟರಲ್ಲಿ ಅರುಣ್‌ಕುಮಾರ್ ಇನ್ನೊಂದು ಚೀಟಿ ಕೊಟ್ಟ. ರಸ್ತೆಗಿಳಿಸುವ ಬೆಲೆ, ಒಂದು ಲಕ್ಷ ಅರವತ್ತೊಂದು ಸಾವಿರ. ನೋಂದಣಿ, ತೆರಿಗೆ, ಐದು ವರ್ಷದ ವಿಮೆ, ಗಾರ್ಡು. ಇಪ್ಪತ್ತೆರಡು ವರ್ಷದಿಂದ ರೈತರಿಗೆ 'ಛಾಪಾ, ನೋಂದಣಿ ಖರ್ಚು ಬೇರೆ ಕಣಪ್ಪ' ಅಂತ ಕೊನೆಯಲ್ಲಿ ಹೇಳಿ ಅವರ ಮುಖ ಬಾಡುವುದನ್ನು ನೋಡಿದ್ದ ನಟರಾಜು, ಆವತ್ತು ತನ್ನ ಮುಖ ಬಾಡಿದ್ದನ್ನು ಬೈಕಿನ ಕನ್ನಡಿಯಲ್ಲಿ ನೋಡಿಕೊಂಡ.

"ಆಷಾಢದ ಆಫರ್ ಐತೆ ಸಾರ್. ಈ ತಿಂಗಳೊಳಗೆ ನೋಂದಣಿ ಆದ್ರೆ ಹದಿನಾಲ್ಕು ಸಾವಿರ ಕಡಿಮೆ. ಶ್ರಾವಣ ಬಂದ್ರೆ ಒಂದ್ರೂಪಾಯೂ ಬಿಡಲ್ಲ."

ಆಷಾಢದಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲ ಅಂತಲೇ ಆಫರು. ಆಫರು ಇದೆ ಅಂತ ಕೊಂಡರೆ ಆಷಾಢ. ರೂಪಶ್ರೀ ಹೊರಗೆ ಬಂದವಳೇ ಹೇಳಿದಳು, "ಆಷಾಢದಲ್ಲಿ ನಿಮ್ಮೆಸ್ರಿಗೆ ಗಾಡಿ ಬಂದ್ರೆ ನನ್ನ ಮನೆ ಬಾಗ್ಲೊಳಗೆ ಬರ್ಕೂಡ್ದು. ಶ್ರಾವಣದಲ್ಲಿ ತಗಳಿ, ಇಲ್ಲಾಂದ್ರೆ ಬಿಟ್ಟಾಕಿ."

ಹದಿನಾಲ್ಕು ಸಾವಿರ. ಎರಡು ರಾತ್ರಿ ನಟರಾಜು ನಿದ್ದೆಗೆಟ್ಟ. ಮೂರನೇ ದಿನ ಒಬ್ಬನ ಜಮೀನನ್ನು ಅವನ ತಾಯಿಯ ಹೆಸರಿಗೆ ಬರೆಯುತ್ತಿದ್ದಾಗ ಪೆನ್ನು ತಟ್ಟನೆ ನಿಂತಿತು. ಆಷಾಢದ ದೋಷ ತನ್ನ ಹೆಸರಿಗೆ ತಾನೇ? ಗಾಡಿ ಬೇರೆಯವರ ಹೆಸರಿನಲ್ಲಿ ಬರಲಿ, ಬೇರೆಯವರ ಅಂಗಳದಲ್ಲಿ ನಿಲ್ಲಲಿ. ಶ್ರಾವಣದ ಮೊದಲ ಸೋಮವಾರ ಅವರು ತನಗೆ ದಾನ ಕೊಡಲಿ. ದಾನವಾಗಿ ಬಂದದ್ದಕ್ಕೆ ಯಾವ ದೋಷ? ಆ ಬೇರೆಯವರು ಅತ್ತೆಯೇ ಆದರೆ, 'ನಿಮ್ಮ ಕೈಯಿಂದಲೇ ಬರ್ಲಿ ಅಂತ' ಅಂದು ಹೇಳಿಕೊಳ್ಳಬಹುದು. ದೊಡ್ಡಳಿಯ ಅಂದರೆ ಹೀಗಿರಬೇಕು ಅಂತ ಅವನೇ ತನ್ನ ಬೆನ್ನು ತಟ್ಟಿಕೊಂಡ.

ರೂಪಶ್ರೀ ಸೂಜಿಗೆ ದಾರ ಪೋಣಿಸುತ್ತಾ, "ನಮ್ಮವ್ವನ್ನ ನಿಮ್ಗಿಂತ ನಂಗೆ ಚೆನ್ನಾಗಿ ಗೊತ್ತು. ಆಮೇಲೆ ನನ್ನ ಕೇಳ್ಬ್ಯಾಡಿ," ಅಂದಳು, ಅಷ್ಟೇ.

ಲಕ್ಷ್ಮಿದೇವಮ್ಮ ಮಾತಿಲ್ಲದೆ ಆಧಾರ್ ಕೊಟ್ಟರು, ಫೋಟೋ ಕೊಟ್ಟರು, ಹೇಳಿದ ಕಡೆ ಸಹಿ ಹಾಕಿದರು. ಕಡುಗೆಂಪು ಕ್ರೂಸರ್ ಗಿರಣಿಯ ಪಕ್ಕದ ಅಂಗಳಕ್ಕೆ ಬಂದು ನಿಂತಿತು. ಭಾನುವಾರ ಭಾನುವಾರ ನಟರಾಜು ಬಸ್ಸಿನಲ್ಲಿ ಅರಕಲಗೂಡಿಗೆ ಹೋಗಿ ಗೇರು ಕಲಿಯಬೇಕಾಯಿತು. ಕಲಿಸುವವನು ಷಡ್ಡಕ ರವೀಂದ್ರ. "ಅಣ್ಣ, ಕ್ಲಚ್ಚು ಬಿಡೋದು ನಿಧಾನ. ಅದು ಸಹಿ ಅಲ್ಲ, ಗೀಚ್ಬುಡೋಕೆ," ಅಂತ ಬೀದಿಯವರ ಮುಂದೆ ಹೇಳಿದಾಗ ನಟರಾಜು ಹೊಟ್ಟೆಗೆ ಹಾಕಿಕೊಂಡ. ಎರಡನೇ ವಾರಕ್ಕೆ ಬೈಕು ಎಗರುವುದು ನಿಂತಿತು. ಮೂರನೇ ವಾರ ಅತ್ತೆಯೇ ಬಂದು ಹಿಂದೆ ಕೂತರು. ಜಗುಲಿಯೂ ಬೇಕಾಗಲಿಲ್ಲ. ಹೊಸಬರಿಗೆ ಅಂತ ತಗ್ಗಿಸಿದ್ದ ಸೀಟು ಮಂಡಿನೋವಿನವರಿಗೂ ಹೇಳಿ ಮಾಡಿಸಿದಂತಿತ್ತು. ಸಾಲಗಾಮೆಯ ತಂಗಿ ಮನೆಗೆ ಹೋಗಿ ಬಂದರು. ಮುಂದಿನ ವಾರ ಕೊರವಂಗಲದ ನಂಟರ ಮನೆಗೆ. ದಿಂಬಿಗೆ ಒರಗಿ, ಹಾದಿಯಲ್ಲಿ ಕಂಡವರಿಗೆಲ್ಲ ಕೈ ಎತ್ತಿ, ರಾಣಿಯ ಹಾಗೆ ಹೋಗಿ ಬಂದರು. ಆವತ್ತು ಊಟದಲ್ಲಿ ಕೋಳಿಯ ಎರಡೂ ಕಾಲು ನಟರಾಜುವಿನ ಎಲೆಗೇ ಬಿದ್ದವು. ಇನ್ನು ಗೆದ್ದೆ ಅಂದುಕೊಂಡ.

ಶ್ರಾವಣದ ಮೊದಲ ಸೋಮವಾರ. ಗಾಡಿ ವರ್ಗಾವಣೆಗೆ ಎರಡು ಅಚ್ಚಿನ ಫಾರಂ ಸಾಕು, ಎರಡು ಕಡೆ ಸಹಿ ಹಾಕಿಸಿದರೆ ಮುಗಿಯಿತು. ಆದರೆ ಪತ್ರ ಬರೆಯುವವನ ಮನೆಗೆ ಪತ್ರವಿಲ್ಲದೆ ದಾನ ಬರುವುದುಂಟೆ? ನಟರಾಜು ಛಾಪಾ ಕಾಗದದ ಮೇಲೆ ಮೂರು ಪುಟದ ದಾನಪತ್ರ ಬರೆದು ತಂದಿದ್ದ. ಬರೆಸಿಕೊಡುವವರಿಗೆ ಓದಿ ಹೇಳದೆ ಸಹಿ ಪಡೆಯಬಾರದು ಅನ್ನುವುದು ಅವನ ಇಪ್ಪತ್ತೆರಡು ವರ್ಷದ ವ್ರತ. ಸಾಕ್ಷಿಗೆ ರವೀಂದ್ರನನ್ನೂ ರೂಪಶ್ರೀಯನ್ನೂ ಕೂರಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ಲಕ್ಷ್ಮಿದೇವಮ್ಮ ಆದ ನಾನು ಬರೆಸಿಕೊಟ್ಟ ದಾನಪತ್ರದ ಕ್ರಮವೇನೆಂದರೆ, ಷೆಡ್ಯೂಲಿನಲ್ಲಿ ಕಂಡ ದ್ವಿಚಕ್ರ ವಾಹನವು ನನ್ನ ಸ್ವಯಾರ್ಜಿತ ಸ್ವತ್ತಾಗಿದ್ದು, ಸದರಿ ಸ್ವತ್ತು ನನ್ನ ಪೂರ್ಣ ಸ್ವಾಧೀನಾನುಭವದಲ್ಲಿದ್ದು, ಅದರ ಮೇಲೆ ನನ್ನ ಹೊರತು ಇನ್ಯಾರಿಗೂ ಯಾವ ಹಕ್ಕುಬಾಧ್ಯತೆಯೂ ಇರುವುದಿಲ್ಲ. ಸದರಿ ಸ್ವತ್ತನ್ನು ನಾನು ಯಾರ ಬಲವಂತವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ, ಸ್ವಸಂತೋಷದಿಂದ..."

ಚಕ್ಕುಬಂದಿಯನ್ನೂ ಬಿಟ್ಟಿರಲಿಲ್ಲ. ಪೂರ್ವಕ್ಕೆ ಹೆಡ್‌ಲೈಟು, ಪಶ್ಚಿಮಕ್ಕೆ ನಂಬರ್ ಪ್ಲೇಟು, ಉತ್ತರಕ್ಕೆ ಸೈಡ್ ಸ್ಟ್ಯಾಂಡು, ದಕ್ಷಿಣಕ್ಕೆ ಸೈಲೆನ್ಸರು, ಇದರ ಮಧ್ಯೆ ಇರುವ ಸದರಿ ವಾಹನ.

ಲಕ್ಷ್ಮಿದೇವಮ್ಮ ಗಲ್ಲಕ್ಕೆ ಕೈಕೊಟ್ಟು ಭಕ್ತಿಯಿಂದ ಕೇಳಿದರು. ಪೆನ್ನು ಕೊಟ್ಟರೆ ಹಿಡಿಯಲಿಲ್ಲ.

"ಸ್ವಯಾರ್ಜಿತ ಅಂದ್ರೇನಪ್ಪ?"

"ನೀವೇ ಸಂಪಾದ್ಸಿದ್ದು ಅಂತ, ಅತ್ತೆ."

"ಇನ್ಯಾರ್ಗೂ ಅಕ್ಕಿಲ್ಲ ಅಂದ್ರಿ. ನಿಮ್ಗೂ ಇಲ್ವಾ?"

ನಟರಾಜುವಿನ ನಾಲಿಗೆ ತಡವರಿಸಿತು. "ಸಹಿ ಆಗೋವರ್ಗೂ... ಇಲ್ಲ."

"ಬಲವಂತ ಇಲ್ದೆ ಸ್ವಸಂತೋಷದಿಂದ ಅಂತಾನೂ ಬರ್ದಿದ್ದೀರಿ."

"ಅದು ಎಲ್ಲಾ ಪತ್ರದಲ್ಲೂ ಸುಮ್ನೆ ಬರೆಯೋದು ಅತ್ತೆ."

"ಸುಮ್ನೆ ಬರೆಯೋದಾ? ಸಾಕ್ಷಿ ಮುಂದ್ಗಡೆ ಸುಳ್ಳಿಗೆ ಸೈನ್ ಆಕಕಾಯ್ತದಾ?" ಲಕ್ಷ್ಮಿದೇವಮ್ಮ ಪೆನ್ನನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದರು. "ಸ್ವಸ್ಥ ಮನಸ್ಸು ಐತೆ. ಸಂತೋಷ ಇಲ್ವಲ್ಲಪ್ಪ. ನಮ್ಮ ತಂಗಿ ಮಖ ನೋಡಿ ಮೂರು ವರ್ಸ ಆಗಿತ್ತು. ಈ ಗಾಡಿ ಬಂದ್ಮೇಲೆ ನಂಗೆ ಮಂಡಿ ಐತೆ ಅನ್ನೋದೇ ಮರ್ತೋಗದೆ. ಇದ್ನ ಕೊಟ್ಬುಟ್ಟು ನಾನು ಎಂಗೆ ಸಂತೋಷವಾಗಿರ್ಲಿ?"

ನಟರಾಜು ತಿರುಗಿ ನೋಡಿದ. ಒಂದು ಲಕ್ಷ ನಲವತ್ತೇಳು ಸಾವಿರ ಅವನ ಕಣ್ಣಮುಂದೆಯೇ ಅಂಗಳದಲ್ಲಿ ಹೊಳೆಯುತ್ತಾ ನಿಂತಿತ್ತು, ಅವನ ಅಕ್ಷರದಲ್ಲೇ ಅವನದ್ದಲ್ಲವಾಗಿ. ರವೀಂದ್ರ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಗಿರಣಿಯ ಹಿಂದಕ್ಕೆ ಹೋದ. ರೂಪಶ್ರೀ ಮೆಲ್ಲಗೆ, "ಎರಡು ಫಾರಂಗೆ ಸೈನ್ ಆಕ್ಸ್ಕಳಿ ಅಂದ್ರೆ ಹರಿಕಥೆ ಮಾಡಿದ್ರಲ್ಲ," ಅಂದಳು.

"ಅತ್ತೆ, ದುಡ್ಡು ನಂದಲ್ವಾ?" ಅಂದ ನಟರಾಜು.

"ಅದ್ನೇ ನಾನು ಬೀದಿಗೆಲ್ಲ ಏಳಿರೋದು. ಅಳೀಮಯ್ಯ ಅಂದ್ರೆ ನಮ್ಮ ದೊಡ್ಡಳಿಯ, ಅತ್ತೆಗೆ ಅಂತ ಗಾಡಿ ಕೊಡ್ಸವ್ರೆ, ಇಂಗೆ ಯಾರು ಕೊಡ್ಸ್ತಾರೆ ಅಂತ. ಮಿಲ್ಲಿಗೆ ರಾಗಿ ತರೋರೆಲ್ಲ ನಿಮ್ಮನ್ನ ನೋಡಾಕೆ ಅಂತ ಕಾಯ್ತಾವ್ರೆ."

ನಿಜವಾಗಿಯೂ ಕಾಯುತ್ತಿದ್ದರು. ಗಿರಣಿಯ ಬಾಗಿಲಲ್ಲಿ ಚೀಲ ಹೊತ್ತ ಆರೇಳು ಮಂದಿ ನಟರಾಜುವನ್ನು ದೇವರನ್ನು ನೋಡಿದ ಹಾಗೆ ನೋಡುತ್ತಿದ್ದರು. ಅಜ್ಜಿಯೊಬ್ಬಳು ಕೈಯನ್ನೂ ಮುಗಿದಳು. ಈಗ ಬಾಯಿಬಿಟ್ಟರೆ ದೊಡ್ಡಳಿಯನ ಪಟ್ಟ ಕಾಲಡಿಗೆ ಬೀಳುತ್ತದೆ. ಬಿಡದಿದ್ದರೆ ಬೈಕು ಹೋಗುತ್ತದೆ. ನಟರಾಜು ಆ ಅಜ್ಜಿಗೆ ತಿರುಗಿ ಕೈಮುಗಿದ.

"ಕೈಲಿ ಪೆನ್ನೈತಲ್ಲ, ಒಂದು ಬರೀರಿ," ಅಂದರು ಲಕ್ಷ್ಮಿದೇವಮ್ಮ, ದಾನಪತ್ರದ ಖಾಲಿ ಬೆನ್ನನ್ನು ಮುಂದಿಟ್ಟು. "ಭಾನ್ವಾರ ಭಾನ್ವಾರ ದೊಡ್ಡಳಿಯ ಬಂದು ನನ್ನ ಕರ್ಕಂಡೋಗೋದು. ಪೆಟ್ರೋಲು, ರಿಪೇರಿ, ಟೈರು ಅವ್ರದ್ದೇ. ಗಾಡಿ ಕೊಡ್ಸಿದೋರು ಎಣ್ಣೆ ಆಕ್ಸ್ದೆ ಇರ್ತಾರಾ? ನೀವೇನೋ ತಖ್ತೆ ಮಾಡಿದ್ರಂತಲ್ಲ, ಅದ್ರಲ್ಲಿರೋದೆಲ್ಲ ಸೇರ್ಸ್ಬುಡಿ."

ನಟರಾಜುವಿನ ಮನಸ್ಸು ಇನ್ನೂ ದಿಗ್ಭ್ರಮೆಯಲ್ಲೇ ಇತ್ತು. ಕೈ ಮಾತ್ರ ಇಪ್ಪತ್ತೆರಡು ವರ್ಷದ ರೂಢಿಯಲ್ಲಿ ತಾನಾಗಿ ಹೊರಟಿತು. ಸದರಿ ಖರ್ಚುವೆಚ್ಚಗಳನ್ನು ನಾನೇ ಭರಿಸತಕ್ಕದ್ದು ಅಂತ ಬರೆಯಿತು. ಇದಕ್ಕೆ ನಾನೂ ನನ್ನ ವಾರಸುದಾರರೂ ಬದ್ಧರು ಅಂತ ಬರೆಯಿತು. ಯಾರೂ ಕೇಳದಿದ್ದರೂ, ಸೂರ್ಯಚಂದ್ರರಿರುವ ತನಕ ಅನ್ನುವುದನ್ನೂ ಸೇರಿಸಿ, ಕೆಳಗೆ ತನ್ನ ಸಹಿಯನ್ನೂ ಹಾಕಿಬಿಟ್ಟಿತು. ರೂಪಶ್ರೀ ಸಾಕ್ಷಿ ಹಾಕಿದಳು. ರವೀಂದ್ರ ಕಣ್ಣೊರೆಸಿಕೊಳ್ಳುತ್ತಾ ಬಂದು ಅವನೂ ಹಾಕಿದ.

ಲಕ್ಷ್ಮಿದೇವಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಸೊಂಟದ ಚೀಲ ಬಿಚ್ಚಿದರು.

"ಬರೆದಿದ್ದಕ್ಕೆ ಎಷ್ಟಪ್ಪ ನಿಮ್ಮ ಫೀಸು?"

ಆ ಗಾಬರಿಯಲ್ಲಿ ನಟರಾಜುವಿನ ಬಾಯಿ ಕಚೇರಿಯ ದರವನ್ನೇ ಹೇಳಿತು. "ಮುನ್ನೂರು."

"ಮನೆಯೋರ್ಗೂ ಮುನ್ನೂರಾ?" ಅಂತ ಬೇಜಾರು ಮಾಡಿಕೊಂಡು, ಲಕ್ಷ್ಮಿದೇವಮ್ಮ ನೂರೈವತ್ತು ಎಣಿಸಿ ಅವನ ಕೈಲಿಟ್ಟರು.