ಬಯಕೆಗೆ ತಕ್ಕ ಹರಿಗೋಲು

ಗೊರವನಹಳ್ಳಿ ಮಹಾಲಕ್ಷ್ಮಿಯ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇರೆಯವರಿಗೆ ಇಂಥದ್ದು ವರ್ಷಕ್ಕೊಂದು ನಡೆದರೆ ಹೆಚ್ಚು. ನನಗೆ ವಾರಕ್ಕೆ ಎರಡಾದರೂ ಆಗದಿದ್ದರೆ ಊರವರು ಮನೆಗೇ ಬಂದು, ಮೈಗೆ ಹುಷಾರಿಲ್ಲವಾ ಎಂದು ವಿಚಾರಿಸುತ್ತಾರೆ.

ಇದು ಎಪ್ಪತ್ತರ ದಶಕದ ಮಾತು. ನಮ್ಮೂರು ಮಧುಗಿರಿಗೆ ಹತ್ತಿರ. ನನ್ನ ಹೆಂಡತಿ ಚೊಚ್ಚಲ ಬಸುರಿ, ಅವಳ ಬಯಕೆ ಊರ ಕೆರೆಯ ಮೀನು. ಯಾರಿಂದಲಾದರೂ ಹಿಡಿಸಿ ತರಬಹುದಿತ್ತು. ಪಾವಗಡದ ಮಾವನವರ ಎದುರಿಗೆ ಸುಮ್ಮನಿರಲಾರದೆ, ನಾನೇ ಕೈಯಾರೆ ಹಿಡಿದು ತಿನ್ನಿಸುತ್ತೇನೆ ಎಂದುಬಿಟ್ಟೆ.

ಮಾವ ಮೀಸೆ ಸವರಿಕೊಂಡು, ಅಳಿಯ ಎನ್ನುವುದನ್ನು ತಮ್ಮೂರ ತೆಲುಗಿನಲ್ಲೇ ಅಂದರು. "ಸರೇ ಅಲ್ಲುಡೂ. ಹೆರಿಗೆಗೆ ಮಗಳನ್ನ ಕರಕೊಂಡೋಗಾಕೆ ಬತ್ತೀನಲ್ಲ, ಅಷ್ಟರಾಗೆ ತಿನ್ನಿಸಿರಬೇಕು. ಇಲ್ದಿದ್ರೆ ಪಾವಗಡದಾಗೆ ಮನೆಮನೆಗೂ ಹೇಳ್ತೀನಿ."

ಮೀನು ಹಿಡಿಯುವುದೇನು ಮಹಾ? ಎಷ್ಟು ದೊಡ್ಡ ದೋಣಿ ಬೇಕು ಎನ್ನುವುದೊಂದೇ ಪ್ರಶ್ನೆ.

೧. ಟ್ಯೂಬು

ಒಬ್ಬನಿಗೆ ಒಂದು ಲಾರಿ ಟ್ಯೂಬು ಧಾರಾಳ ಎಂದು ಶಿರಾದ ಪಂಕ್ಚರ್ ಅಂಗಡಿ ಸಾಹೇಬರಿಂದ ಹಳೇದೊಂದು ತಂದು ಕೆರೆಗಿಳಿದೆ. ಬಲಗಡೆ ಹುಟ್ಟು ಹಾಕಿದರೆ ಎಡಕ್ಕೆ ಗಿರಗಿರ, ಎಡಗಡೆ ಹಾಕಿದರೆ ಬಲಕ್ಕೆ ಗಿರಗಿರ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಯಾಕಣ್ಣಾ, ರಾಗಿ ಬೀಸ್ತಾ ಇದ್ದೀಯಾ?" ಅಂದಳು.

ಆದರೂ ಬಿಡದೆ ಒಂದು ಜಿಲೇಬಿ ಮೀನು ಹಿಡಿದು ತೊಡೆಯ ಮೇಲಿಟ್ಟುಕೊಂಡೆ. ಅದು ಬೆನ್ನಿನ ಮುಳ್ಳೆಬ್ಬಿಸಿ ಟ್ಯೂಬಿಗೇ ಚುಚ್ಚಿತು. ಗಾಳಿ ಬುಸ್ಸೆಂದ ರಭಸಕ್ಕೆ ನಾನು ಕೆರೆ ಏರಿ ದಾಟಿ ಕಡಲೆಕಾಯಿ ಹೊಲದಲ್ಲಿ ಕೂತಿದ್ದೆ. ಮೀನು ಮಾತ್ರ ಕೆರೆಯಲ್ಲೇ ಉಳಿಯಿತು.

ಟ್ಯೂಬು ವಾಪಸ್ ಒಯ್ದು ನಡೆದದ್ದು ಹೇಳಿದಾಗ ಸಾಹೇಬರು ತೂತಿಗೆ ಬೆರಳಿಟ್ಟು ನೋಡಿದರು. "ಮೊಳೆ ಚುಚ್ಚಿದ್ದು ನೋಡಿದೀನಿ, ಗಾಜು ಚುಚ್ಚಿದ್ದು ನೋಡಿದೀನಿ. ಮಸಾಲೆ ಹಾಕಿ ತಿನ್ನೋ ಐಟಂ ಚುಚ್ಚಿದ್ದು ಇದೇ ಫಸ್ಟು."

೨. ಹರಿಗೋಲು

ಈ ಸಲ ಕೊರಟಗೆರೆ ಕಡೆ ಬಿದಿರು ಹೆಣೆಯುವ ಯಜಮಾನರ ಬಳಿ ಹೋದೆ. ಅವರ ಪದ್ಧತಿಯಲ್ಲಿ ಗಜ, ಅಡಿ ಇಲ್ಲ. ಎಷ್ಟು ಜನ ಕೂರ್ತೀರಿ ಎಂದು ಕೇಳಿ ಅದರ ಮೇಲೆ ಹೆಣೆಯುವುದು. ಒಬ್ಬನೇ ಎಂದರೆ ನನ್ನ ಮರ್ಯಾದೆ ಏನಾಗಬೇಕು? ನಮ್ಮ ಕಡೆಯವರು, ಹೆಣ್ಣಿನ ಕಡೆಯವರು ಎಲ್ಲ ಸೇರಿಸಿ ಇಪ್ಪತ್ತು ಅಂದೆ.

ಅದು ಸಿದ್ಧವಾದ ಮೇಲೆ ಯಾವ ಗಾಡಿಗೂ ಹಿಡಿಸಲಿಲ್ಲ. ನಾಲ್ವರು ಆಳುಗಳು ಬೋರಲು ಹಾಕಿ ತಲೆಯ ಮೇಲೆ ಹೊತ್ತು ಹೊರಟರು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ರಸ್ತೆಯಲ್ಲಿ ನಡೆಯುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಅದರಡಿ ನುಗ್ಗಿ ಜೊತೆಯಲ್ಲೇ ಹೆಜ್ಜೆ ಹಾಕಿದರು. ಊರಲ್ಲಿ ಇಳಿಸುವಾಗ ಕೆಳಗೆ ಮೂವತ್ತು ಜನ, ಎರಡು ಎಮ್ಮೆ. ಒಬ್ಬ ಅಜ್ಜಿ ಎಲೆಯಡಿಕೆ ಮೆಲ್ಲುತ್ತಾ, "ಮಧುಗಿರಿ ಸ್ಟಾಪ್ ಬಂದ್ರೆ ಹೇಳಪ್ಪಾ" ಅಂದಳು.

೩. ಕೋಡಿ

ಆ ಮಳೆ ವಾರವೆಲ್ಲ ಸುರಿದು ಕೆರೆ ತುಂಬುತ್ತಾ ಬಂತು. ಊರ ಗೌಡರು ಕಟ್ಟು ಮಾಡಿದರು: ಕೋಡಿ ಹರಿದು ಗಂಗಮ್ಮನಿಗೆ ಪೂಜೆಯಾಗುವ ತನಕ ಯಾರೂ ಬಲೆ ಬೀಸಬಾರದು. ಕೋಡಿಗೆ ಇನ್ನು ನಾಲ್ಕು ಬೆರಳು ಇರುವಾಗ ಮಳೆ ನಿಂತಿತು. ಹತ್ತು ದಿನವಾದರೂ ಹನಿಯಿಲ್ಲ. ಅಷ್ಟರಲ್ಲಿ ಮಾವನವರು ಅತ್ತೆಯ ಜೊತೆ ಹೆಣ್ಣು ಕರೆಯಲು ಬಂದೇಬಿಟ್ಟರು. ಮೀನೆಲ್ಲಿ ಎಂಬಂತೆ ಮೀಸೆ ಸವರಿಕೊಂಡರು.

ಬಲೆಗೆ ತಾನೆ ಅಡ್ಡಿ, ದೋಣಿಗಲ್ಲವಲ್ಲ ಎಂದು ಅವರಿಬ್ಬರನ್ನೂ ಕೆರೆಗೆ ಕರೆದೊಯ್ದು ಹರಿಗೋಲು ನೀರಿಗಿಳಿಸಿದೆ. ನಮ್ಮ ಮಾವ ಮಧುಗಿರಿ ಬೆಟ್ಟಕ್ಕೆ ತಮ್ಮನಂಥ ಆಳು. ಕಾಲಿಟ್ಟು ಕೂತರು ನೋಡಿ, ನೀರು ನಾಲ್ಕು ಬೆರಳು ಮೇಲೆದ್ದು ಕೋಡಿಯಲ್ಲಿ ಜುಳುಜುಳು ಹರಿಯಿತು.

"ಗಂಗಮ್ಮ ಬಂದ್ಬುಟ್ಳು ಕಣ್ಲಾ" ಎಂದು ಗೌಡರು ತಮಟೆ ಹೊಡೆಸಿದರು. ಊರೇ ಅರಿಶಿನ ಕುಂಕುಮ ಹಿಡಿದು ಓಡಿ ಬಂತು. ಗಾಬರಿಯಾಗಿ ಮಾವ ಇಳಿಯಲು ಕಾಲೆತ್ತಿದರು. ಗೌಡರು ಕೈಮುಗಿದು, "ಯಜಮಾನ್ರೇ, ಪೂಜೆ ಮುಗಿಯೋಗಂಟ ಅಳ್ಳಾಡಬ್ಯಾಡಿ. ನೀವು ಇಳಿದ್ರೆ ನೀರೂ ಇಳೀತದೆ" ಅಂದರು.

ಮಂಗಳಾರತಿ ಆದದ್ದೇ ತಡ, ಬಲೆ ಬೀಸಿದೆ. ಮಧ್ಯಾಹ್ನ ನನ್ನ ಹೆಂಡತಿ ಹೊಟ್ಟೆ ತುಂಬ ಮೀನಿನ ಸಾರು ಉಂಡಳು. ಮಾವನವರೂ ಎರಡು ಸಲ ಬಡಿಸಿಕೊಂಡರು. ಪಾವಗಡದಲ್ಲಿ ಅವರು ಮನೆಮನೆಗೂ ಹೇಳಿದ್ದು ನಿಜ, ತಾವು ಹೇಗೆ ಕೋಡಿ ಬೀಳಿಸಿದರು ಎಂದು.

ಆಣೆ ಇಟ್ಟಿದ್ದೇನಲ್ಲ, ಒಂದು ಸಣ್ಣ ತಿದ್ದುಪಡಿ ಇದೆ. ಮಾವ ಕೂತಾಗ ನೀರು ಏರಿದ್ದು ಒಂದೇ ಬೆರಳು. ಮಿಕ್ಕ ಮೂರು, ಅತ್ತೆಯವರು ಪಕ್ಕದಲ್ಲಿ ಕೂತ ಮೇಲೆ.