ಜನರಲ್ ಸಾಹೇಬರ ಮೇಜೂ ನಮ್ಮ ದೊಡ್ಡಪ್ಪನೂ

ಎರಡನೇ ಮಹಾಯುದ್ಧ ಗೆದ್ದದ್ದು ನಮ್ಮ ದೊಡ್ಡಪ್ಪ. ನಂಬಿಕೆ ಬರುವುದಿಲ್ಲವೇ? ನಮ್ಮ ದೊಡ್ಡಮ್ಮನಿಗೂ ಬಂದಿರಲಿಲ್ಲ!

ಯುದ್ಧದುದ್ದಕ್ಕೂ ಅವರು ಒಬ್ಬ ಜನರಲ್ ಸಾಹೇಬರ ಮನೆಯಲ್ಲಿ ಊಟದ ಮೇಜಿನ ಉಸ್ತುವಾರಿ ನೋಡಿಕೊಂಡಿದ್ದರಂತೆ. ಹೊತ್ತಿಗೆ ಸರಿಯಾಗಿ ಟೀ ಸಿಗದಿದ್ದರೆ ಸಾಹೇಬರು ಯುದ್ಧ ಮಾಡುವುದಾದರೂ ಹೇಗೆ, ನೀವೇ ಹೇಳಿ! ಜಯನಗರದಲ್ಲಿ ಮನೆ ಮಾಡಿದ ಮೇಲೂ ಆ ಶಿಸ್ತು ಬಿಡಲಿಲ್ಲ. ನೆಲದ ಮೇಲೆ ಎಲೆ ಹಾಕಿದರೂ ನೀರಿನ ಲೋಟ ಎಲೆಯಿಂದ ನಾಲ್ಕೇ ಬೆರಳು ದೂರ. ಅವರ ಕೈಯಲ್ಲಿ ಬೆಳೆದ ನಾನು ಇವತ್ತಿಗೂ ಬೆರಳಿಟ್ಟು ಅಳೆಯುತ್ತೇನೆ.

ದೊಡ್ಡಮ್ಮ ಮಾತ್ರ, "ಜನರಲ್ಲೂ ಇಲ್ಲ, ಗಿನರಲ್ಲೂ ಇಲ್ಲ. ಎಲ್ಲೋ ಬ್ಯಾರಕ್ಕಲ್ಲಿ ಆಲೂಗೆಡ್ಡೆ ಸುಲೀತಿದ್ರು" ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ದೊಡ್ಡಪ್ಪನೂ ನಗುತ್ತಿದ್ದರು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಐವತ್ತರ ದಶಕದ ಕೊನೆಯಲ್ಲಿ, ಮ್ಯೂಸಿಯಂ ಒಂದರಲ್ಲಿ ಅದೇ ಜನರಲ್ ಸಾಹೇಬರ ಯುದ್ಧಕಾಲದ ಮನೆಯ ಸಾಮಾನನ್ನು ಕೋಣೆ ಕೋಣೆಯಾಗಿ ಜೋಡಿಸಿ ಪ್ರದರ್ಶನಕ್ಕಿಟ್ಟರು. ದೊಡ್ಡಪ್ಪ ಕೋಟಿಗೆ ಇಸ್ತ್ರಿ ಹಾಕಿಸಿ ದೊಡ್ಡಮ್ಮನನ್ನೂ ನನ್ನನ್ನೂ ಹೊರಡಿಸಿದರು. "ಇವತ್ತಾದ್ರೂ ಅವಳು ನಂಬಬೇಕು ಕಣೋ" ಎಂದರು ಬಸ್ಸಿನಲ್ಲಿ, ನನ್ನ ಕಿವಿಯಲ್ಲಿ.

ಊಟದ ಕೋಣೆಯ ಬಾಗಿಲಲ್ಲೇ, ಹಳೆಯ ರೂಢಿಯಂತೆ, ಬೂಟು ಬಿಚ್ಚಿದರು. ಮರುನಿಮಿಷ ಅಡ್ಡ ಕಟ್ಟಿದ್ದ ಹಗ್ಗ ದಾಟಿದ್ದರು! ಮೇಜಿನ ಮೇಲಿನ ಫೋರ್ಕು, ಚಾಕುಗಳಿಗೆಲ್ಲ ವರ್ಗಾವಣೆ ಶುರು!

"ಏನ್ ಸಾರ್ ಇದು? ಮುಟ್ಟಬಾರ್ದು!" ಕಾವಲುಗಾರ ಓಡಿ ಬಂದ.

"ಸಾಹೇಬರು ಎಡಚರು ಕಣಪ್ಪ. ಹೀಗಿಟ್ಟಿದ್ರೆ ಊಟ ಬಿಟ್ಟು ಎದ್ದುಹೋಗೋರು."

"ನಿಮ್ಮ ಹತ್ರ ಬಂದು ಹೇಳಿದ್ರಾ?"

ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಬನ್ನೀಂದ್ರೆ, ಮಾನ ತೆಗೀಬೇಡಿ."

ದೊಡ್ಡಪ್ಪನ ಮುಖ ಸಣ್ಣದಾಯಿತು. "ಆ ಬೀರುವಿನ ಡ್ರಾಯರ್ ಎಳಿ ನೋಡೋಣ" ಎಂದರು. ಕಾವಲುಗಾರ ಎಳೆದ. ಅರ್ಧಕ್ಕೇ ಸಿಕ್ಕಿಕೊಂಡಿತು.

"ಅದು ಯಾರಿಗೂ ಬಗ್ಗಲ್ಲ, ಸಾರ್."

ದೊಡ್ಡಪ್ಪ ಡ್ರಾಯರಿನ ಅಡಿಗೆ ಮಂಡಿಯಿಂದ ಒಮ್ಮೆ ತಟ್ಟಿ, ಕಿರುಬೆರಳಲ್ಲಿ ಎಳೆದರು. ಬೆಣ್ಣೆಯೊಳಗಿನ ಕೂದಲಿನಂತೆ ಈಚೆ ಬಂತು! ಕಾವಲುಗಾರ ಬಗ್ಗಿ ಡ್ರಾಯರಿನ ಅಡಿ ನೋಡಿದ.

ದೊಡ್ಡಪ್ಪ ಗೆಲುವಿನಿಂದ ಹೆಂಡತಿಯತ್ತ ತಿರುಗಿದರು. ದೊಡ್ಡಮ್ಮ ಆ ಉದ್ದನೆಯ ಮೇಜನ್ನು, ಅದರ ಎರಡೂ ಕಡೆಯ ಕುರ್ಚಿಗಳನ್ನು ನೋಡುತ್ತಲೇ ಇದ್ದರು.

"ಅಲ್ಲಾಂದ್ರೆ, ಇಷ್ಟು ಜನಕ್ಕೆ ನೀವು ಬಡಿಸ್ತಿದ್ರಿ. ನಿಮಗೆ ಯಾರು ಬಡಿಸ್ತಿದ್ರು?"

ದೊಡ್ಡಪ್ಪ ಮತ್ತೆ ಬೀರುವಿನ ಕಡೆ ತಿರುಗಿ ಡ್ರಾಯರ್ ಮುಚ್ಚತೊಡಗಿದರು. ಮುಚ್ಚಲು ತುಂಬಾ ಹೊತ್ತು ಹಿಡಿಯಿತು.