ಗಂಗೊಳ್ಳಿ ಬೋಟಿಗೆ ಮೀನಿನ ಮಿಷನ್ ಕೂರಿಸಿದ್ದು

ಬೋಟುಗಳಿಗೆ ಮೀನು ಹುಡುಕುವ ಮಿಷನ್, ಅಂದರೆ ಫಿಶ್ ಫೈಂಡರ್, ಕೂರಿಸುವವನಿಗೆ ನಗುವಿಗೆ ಬರಗಾಲ ಅಂತ ಒಂದಿಲ್ಲ ಮಾರಾಯ್ರೆ. ಕೋಡಿಯಿಂದ ಬೈಂದೂರಿನವರೆಗೆ ಎಲ್ಲಿ ಹೋದರೂ ಏನಾದರೊಂದು ಆಗಿಯೇ ಆಗುತ್ತದೆ. ಈ ಸಲ ಮೀನುಗಾರಿಕೆ ನಿಲ್ಲುವ ಮಳೆಗಾಲದ ರಜೆಯಲ್ಲಂತೂ ಗಂಗೊಳ್ಳಿಯ ಒಂದೇ ಬೋಟಿನಲ್ಲಿ ಸಾಲುಸಾಲಾಗಿ ಆಯಿತು. ಆ ಬಂದರಿನಲ್ಲಿ ಅದು ನನ್ನ ಮೊದಲ ಕೆಲಸ. ಬೋಟಿನ ಧಣಿ ಶುರುವಿಗೇ ಹೇಳಿಬಿಟ್ಟಿದ್ದರು: "ಕಾಣಿ, ಎಲ್ಲರ ಕಣ್ಣೂ ನಮ್ ಬೋಟಿನ್ ಮೇಲೇ ಇತ್ತ್. ಮಿಷನ್ ಕೈ ಕೊಟ್ರೆ ನಿಮ್ಮನ್ನ ಇಲ್ಲಿ ಇನ್ನೊಬ್ರ್ ಕರುದಿಲ್ಲ."

ಒಟ್ಟೆಗೆ ಮುಹೂರ್ತ

ಮಿಷನ್ನಿನ ಸ್ಕ್ರೀನು ಮೇಲಿದ್ದರೂ ಸೆನ್ಸಾರ್ ಬೋಟಿನ ಅಡಿಯಲ್ಲೇ ಇರಬೇಕು. ಅದು ನೀರಿನೊಳಗೆ ಶಬ್ದ ಬಿಡುತ್ತದೆ. ಶಬ್ದ ಮೀನಿಗೆ ತಾಗಿ ವಾಪಸು ಬಂದರೆ ಸ್ಕ್ರೀನಿನಲ್ಲಿ ಕೆಂಪು ಕಾಣುತ್ತದೆ. ಅದನ್ನು ಕೂರಿಸಲು ಅಡಿಯಲ್ಲಿ ಒಂದು ತೂತು, ಇಲ್ಲಿಯವರ ಬಾಯಲ್ಲಿ ಒಟ್ಟೆ, ಕೊರೆಯಲೇಬೇಕು. ದಡಕ್ಕೆ ಎಳೆದಿಟ್ಟ ಬೋಟಿನ ಕೆಳಗೆ ಡ್ರಿಲ್ ಹಿಡಿದು ನುಗ್ಗಿದೆ ನೋಡಿ, ಧಣಿ ಓಡಿ ಬಂದು ನನ್ನ ಕಾಲು ಹಿಡಿದು ಎಳೆದರು.

"ಹ್ವಾಯ್! ಎಂತ ಮಾಡ್ತ್ರಿ? ಇಡೀ ಮಳ್ಗಾಲ ಕೂಕಂಡ್ ಒಟ್ಟೆ ಮುಚ್ಚಿದ್ದ್ ನಾವ್. ನೀವ್ ಬಂದ್ ಹೊಸ್ತ್ ಕೊರಿತ್ರ್ಯಾ?"

ಸಮಜಾಯಿಷಿ ಹೇಳಿ ಹೇಳಿ ನನ್ನ ಗಂಟಲು ಒಣಗಿದ ಮೇಲೆ ಒಪ್ಪಿದರು. ಆದರೆ ಮುಹೂರ್ತ ಕೇಳದೆ ಆಗುವುದಿಲ್ಲವಂತೆ. ಭಟ್ಟರಿಗೆ ಫೋನ್ ಹೋಯಿತು. "ಎಂತದಕ್ಕೆ ಮುಹೂರ್ತ?" ಅಂತ ಭಟ್ಟರು ಕೇಳಿದರು. ಧಣಿ ಅತ್ತಿತ್ತ ನೋಡಿ ಮೆಲ್ಲಗೆ, "ಬೋಟ್ ಒಟ್ಟೆ ಮಾಡುಕೆ" ಅಂದರು.

ಭಟ್ಟರು ಫೋನ್ ಇಟ್ಟೇಬಿಟ್ಟರು.

ಬಂಗುಡೆ ಪರೀಕ್ಷೆ

ಅಂತೂ ತೂತು ಕೊರೆದಾಯಿತು. ಸೆನ್ಸಾರ್ ಕೂರಿಸುವ ಮುಂಚೆ ಅದನ್ನು ಒಂದು ಡ್ರಮ್ ನೀರಿನಲ್ಲಿ ಮುಳುಗಿಸಿ ಸ್ಕ್ರೀನ್ ಹತ್ತುತ್ತದಾ ಅಂತ ನೋಡುತ್ತಿದ್ದೆ. ಧಣಿಯ ಅಮ್ಮ ಬಂದರು. ಕುಂದಾಪುರ ಮಾರ್ಕೆಟ್ಟಿನಲ್ಲಿ ಮೀನು ಮಾರಿಯೇ ಮಕ್ಕಳನ್ನು ದೊಡ್ಡ ಮಾಡಿದವರು. ಮಾತಿಲ್ಲ ಕತೆಯಿಲ್ಲ, ಬುಟ್ಟಿಯಿಂದ ಒಂದು ಬಂಗುಡೆ ಮೀನು ತೆಗೆದು ಡ್ರಮ್ಮಿಗೆ ಹಾಕಿದರು.

"ಹ್ಞಾಂ, ಈಗ ತೋರ್ಸ್ಲಿ ಕಾಂಬ."

ಸ್ಕ್ರೀನಿನಲ್ಲಿ ಏನೂ ಇಲ್ಲ.

"ಇಷ್ಟು ಹತ್ತಿರದ್ದು ಇದಕ್ಕೆ ಕಾಣೋದಿಲ್ಲ ಅಮ್ಮ, ಆಳದ್ದು ಮಾತ್ರ" ಅಂದೆ.

ಅಮ್ಮನಿಗೆ ಮಿಷನ್ ಕಂಡು ಪಾಪ ಅನ್ನಿಸಿತು. "ಹೌದಾ? ನಂಗೂ ಹಂಗೇ ಮಗಾ. ದೂರದ್ದ್ ಕಾಣತ್ತ್, ಹತ್ರದ್ದ್ ಇಲ್ಲ. ಕಣ್ಣಿನ್ ಡಾಕ್ಟ್ರಿಗ್ ತೋರ್ಸ್, ಇದ್ಕೂ ಒಂದ್ ಕನ್ನಡ್ಕ ಕೊಡ್ತ್ರ್."

ಕೆಂಪೋ ಕೆಂಪು

ರಜೆ ಮುಗಿದು ಮೊದಲ ದಿನ ನಾನೂ ಬೋಟು ಹತ್ತಿದೆ. ಹೊಳೆ ಸಮುದ್ರ ಸೇರುವ ಅಳಿವೆ ದಾಟುವ ಮುಂಚೆಯೇ ಸ್ಕ್ರೀನಿನ ತುಂಬ ಕೆಂಪು! ಧಣಿ ಕುಣಿದಾಡಿದರು. ನನಗೆ ಅನುಮಾನ. ಬಡಗು ಹೋದರೂ ಕೆಂಪು, ತೆಂಕು ಹೋದರೂ ಕೆಂಪು. ಮೀನು ಹೀಗೆ ಬೋಟಿಗೆ ಅಂಟಿಕೊಂಡು ಬರುವುದುಂಟೆ? ಗಂಗೊಳ್ಳಿಯ ಋಣ ಇವತ್ತಿಗೆ ಮುಗಿಯಿತು ಅಂದುಕೊಂಡೆ. "ಸ್ವಲ್ಪ ತಡೀರಿ" ಅನ್ನುವಷ್ಟರಲ್ಲಿ ಬಲೆ ಬಿಟ್ಟಾಗಿತ್ತು. ಎತ್ತಿದರೆ ಬಲೆ ತುಂಬ ಬಂಗುಡೆ! ಅದು ಹೇಗೆ ಅಂತ ದೇವರೇ ಬಲ್ಲ.

ಬಂದರಿಗೆ ಬಂದು ಮೀನು ಇಳಿಸಿದ ಮೇಲೂ ಸ್ಕ್ರೀನ್ ಕೆಂಪೇ. ಬೋಟಿನವರೊಬ್ಬರು ಮುಳುಗಿ ನೋಡಿ, ಒಂದು ಉದ್ದದ ಗೊಂಡೆಹೂವಿನ ಮಾಲೆ ಹಿಡಿದು ಮೇಲೆ ಬಂದರು. ಬೋಟು ನೀರಿಗಿಳಿಸುವ ಪೂಜೆಯ ದಿನ ನಾನು ಊಟಕ್ಕೆ ಹೋದಾಗ, ಅಮ್ಮ ಇಂಜಿನ್ನಿಗೆ, ಬಲೆಗೆ ಹೂ ಹಾಕಿ, ಬೋಟಿನ ಕೆಳಗೂ ನುಗ್ಗಿ ಸೆನ್ಸಾರಿಗೆ ಬಲೆಯ ದಾರದಲ್ಲಿ ಮಾಲೆ ಬಿಗಿದಿದ್ದರು. ಅದು ಉದ್ದಕ್ಕೆ ಕೆಳಗೆ ಜೋತಾಡಿ, ಶಬ್ದವೆಲ್ಲ ಅದಕ್ಕೇ ತಾಗಿ ವಾಪಸು ಬರುತ್ತಿತ್ತು.

"ಹೊಸ್ತ್ ಬಂದದ್ದಕ್ಕೆ ಹೂಗ್ ಹಾಕ್ದೆ ಬಿಡುಕಾತ್ತಾ?" ಅಂತ ನನಗೇ ಕೇಳಿದರು.

ಮಾಲೆ ಹೋದದ್ದೇ ಸ್ಕ್ರೀನ್ ಶುಭ್ರ. ಮಿಷನ್ ಸರಿಯಾಗಿಯೇ ಇತ್ತು! ಖುಷಿಯಲ್ಲಿ ನನಗೆ ಅಳುವೇ ಬಂತು. ಧಣಿಯ ಮುಖ ಮಾತ್ರ ಬಾಡಿತು. "ಅಯ್ಯೋ, ಇದ್ದ್ ಮೀನೂ ಹೋಯ್ತಲೆ! ವಾಪಸ್ ಕಟ್ಟಿ ಮಾರಾಯ್ರೆ ಅದನ್ನ!"

ಮರುದಿನ ಪಕ್ಕದ ಬೋಟಿನ ಧಣಿಯ ಫೋನ್. ಅವರಿಗೂ ಮಿಷನ್ ಬೇಕಂತೆ. ಉಸಿರು ಬಂತು ನನಗೆ. ಯಾವ ಮಾಡೆಲ್ ಕೊಡಲಿ ಅಂತ ಕೇಳಿದೆ.

"ಮಿಷನ್ ಯಾವ್ದಾರೂ ಅಡ್ಡಿಲ್ಲ. ಮಾಲೆ ಕಟ್ಟುಕೆ ಆ ಅಮ್ಮನ್ನ ಕರ್ಕಂಡ್ ಬನ್ನಿ, ಸಾಕ್."